ಬೂದಿ ಬೆರೆಸಿದ ಇಟ್ಟಿಗೆಗಾಗಿ ಏಳು ತಿಂಗಳು

ನಮ್ಮ ಮನೆಯ ಗೋಡೆ ಈಗ ಬಾಗಿಲು, ಕಿಟಕಿಗಳ ಮೇಲಿನ ಲಿಂಟಲ್ ಮಟ್ಟಕ್ಕೆ ಬಂದು ನಿಂತಿದೆ. ಮಳೆ ಶುರುವಾಗಿದೆ. ಗೋಡೆ ನೆನೆಯಬಾರದು ಅಂತ ಸುತ್ತ ಅಡಿಕೆ ಸೋಗೆ ಕಟ್ಟಿದ್ದೇವೆ, ಮೇಲೆ ತಾಡಪಾಲು ಎಳೆದಿದ್ದೇವೆ. ಛಾವಣಿ ಇನ್ನು ನವರಾತ್ರಿ ಆದಮೇಲೆ. ಆ ಗೋಡೆಯ 12,000 ಇಟ್ಟಿಗೆಗಳಲ್ಲಿ ನೂರಕ್ಕೆ ಹತ್ತು ಪಾಲು ಮಣ್ಣಿನ ಬದಲು ಭತ್ತದ ಉಮಿಯ ಬೂದಿ ಇದೆ. ಅದನ್ನು ಅಲ್ಲಿಗೆ ತರಲು ದೀಪಾವಳಿಯಿಂದ ಮೇ ತಿಂಗಳವರೆಗೆ ಓಡಾಡಿದ್ದೇನೆ. ಯಾರನ್ನು ಕೇಳಬೇಕು, ಏನು ಕೇಳಬೇಕು ಅಂತ ಹೇಳಿಕೊಡುವವರು ಸಿಕ್ಕಿರಲಿಲ್ಲ. ಮುಂದೆ ಇದೇ ಕೆಲಸಕ್ಕೆ ಇಳಿಯುವವರಿಗೆ ಅಷ್ಟು ಗೊಂದಲ ಬೇಡ ಅಂತ ಬರೆಯುತ್ತಿದ್ದೇನೆ.

ನಾನು ಶಿರಸಿ ತಾಲೂಕಿನ ಬನವಾಸಿ ಕಡೆಯ ಒಂದು ಊರಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮದು ವರದಾ ಬಯಲಿನ ಗದ್ದೆ ಊರು. ನನ್ನ ಮದುವೆಯ ಖರ್ಚಿಗೆಂದು ಅಪ್ಪ ಕೆಳಗಿನ ಗದ್ದೆಯ ಮಣ್ಣನ್ನು ಇಟ್ಟಿಗೆಯವರಿಗೆ ಕೊಟ್ಟಿದ್ದ. ಎರಡು ಅಡಿ ಆಳ ತೆಗೆದರು. ಅದಾಗಿ ಇಪ್ಪತ್ತು ವರ್ಷ ಆಯಿತು. ಇವತ್ತಿಗೂ ಆ ಗದ್ದೆಯಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಸಸಿ ಕೊಳೆಯುತ್ತದೆ. ಎಷ್ಟು ಗೊಬ್ಬರ ಹಾಕಿದರೂ ಮೇಲಿನ ಗದ್ದೆಯ ಅರ್ಧ ಬೆಳೆ ಬರುವುದಿಲ್ಲ. ಅಪ್ಪ ಒಂದು ದಿನವೂ ಅದರ ಬಗ್ಗೆ ಮಾತಾಡಲಿಲ್ಲ. ನಾನು ಮಾತ್ರ ತವರಿಗೆ ಹೋದಾಗಲೆಲ್ಲ ಆ ಗದ್ದೆ ನೋಡುತ್ತೇನೆ.

ನಾವು ಮನೆ ಕಟ್ಟಬೇಕು ಅಂದಾಗ ನಮ್ಮ ಮನೆಯವರು, "ಮೇಲಿನ ಗದ್ದೆ ಮಣ್ಣು ತೆಗೆದು ನಾವೇ ಒಂದು ಭಟ್ಟಿ ಹಾಕಿಬಿಡೋಣ, ಅಗ್ಗ ಆಗ್ತದೆ" ಎಂದರು. ನನಗೆ ಎದೆ ಧಸಕ್ಕೆಂದಿತು. ಕರಾವಳಿಯ ಹಾಗೆ ಚಿರೆಕಲ್ಲಿನಲ್ಲಿ ಕಟ್ಟೋಣ ಅಂದರೆ ನಮ್ಮ ಜಾಗಕ್ಕೆ ಸಾಗಿಸುವ ಖರ್ಚೇ ಜಾಸ್ತಿ. ಸಿಮೆಂಟ್ ಬ್ಲಾಕ್ ಅತ್ತೆಗೆ ಬೇಡ, ಬೇಸಿಗೆಯಲ್ಲಿ ಸೆಕೆ ಅಂತ. ಇಟ್ಟಿಗೆಯೇ ಆಗಬೇಕು, ಆದರೆ ಮಣ್ಣು ಕಡಿಮೆ ಬಳಸಬೇಕು. ಉಮಿ ಅಥವಾ ಉಮಿ ಬೂದಿ ಬೆರೆಸಿ ಇಟ್ಟಿಗೆ ಮಾಡುತ್ತಾರೆ ಅಂತ ಎಲ್ಲೋ ಓದಿದ್ದೆ. ಅಲ್ಲಿಂದ ಶುರುವಾಯಿತು.

ಮೊದಲು ನಾವೇ ಭಟ್ಟಿ ಹಾಕಬಹುದೇ ಅಂತ ಕೇಳಲು ಕಾರವಾರಕ್ಕೆ ಹೋದೆವು. ಬೆಳಗಿನ ಬಸ್ಸು. ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಮುಟ್ಟುವಾಗ ಊಟದ ಹೊತ್ತಿಗೆ ಹತ್ತಿರ. ಇಟ್ಟಿಗೆ ಮಣ್ಣು ಕಾನೂನಿನ ಪ್ರಕಾರ ಉಪಖನಿಜ. ಹಾಗಾಗಿ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಒಂದು ವಿಚಾರಣೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಇನ್ನೊಂದು. ಎರಡೂ ಕಡೆ ತಾಳ್ಮೆಯಿಂದ ಹೇಳಿದರು. ಕೇಂದ್ರ ಪರಿಸರ ಸಚಿವಾಲಯ 2022ರ ಫೆಬ್ರವರಿಯಲ್ಲಿ ಇಟ್ಟಿಗೆ ಭಟ್ಟಿಗಳಿಗೆ ಹೊಸ ನಿಯಮ ಮಾಡಿದೆ. ಭಟ್ಟಿ ಜನವಸತಿಯಿಂದ, ಹಣ್ಣಿನ ತೋಟಗಳಿಂದ 800 ಮೀಟರ್ ದೂರ ಇರಬೇಕು. ಒಂದು ಭಟ್ಟಿಗೂ ಇನ್ನೊಂದಕ್ಕೂ ನಡುವೆ ಒಂದು ಕಿಲೋಮೀಟರ್ ಇರಬೇಕು. ನಮ್ಮ ಗದ್ದೆಯಿಂದ ಮೊದಲ ಮನೆ 200 ಮೀಟರ್ ಕೂಡ ಇಲ್ಲ. ಆ ಯೋಚನೆ ಅಲ್ಲಿಗೇ ಬಿಟ್ಟೆವು. ಒಂದು ದಿನ, ಇಬ್ಬರಿಗೂ ಸೇರಿ 900 ರೂಪಾಯಿ ಖರ್ಚು. ಆದರೆ ಹೋಗಿದ್ದು ಒಳ್ಳೆಯದೇ ಆಯಿತು. ಗದ್ದೆ ಅಗೆದಮೇಲೆ ಗೊತ್ತಾಗಿದ್ದರೆ ಏನು ಮಾಡುತ್ತಿದ್ದೆವು?

ಡಿಸೆಂಬರ್ ಮೊದಲ ವಾರ ಪರವಾನಗಿ ಇರುವ ಒಬ್ಬ ಭಟ್ಟಿ ಮೇಸ್ತ್ರಿಯನ್ನು ಹುಡುಕಿದೆವು. ಅವರ ಮಗಳು ಹಿಂದೆ ನನ್ನ ಕೈಯಲ್ಲಿ ಕಲಿತವಳು. ಆ ಸಲುಗೆಯಿಂದಲೇ ಕೇಳಿದೆ. ಅವರು ತಲೆ ಅಲ್ಲಾಡಿಸಿದರು.

"ಅಕ್ಕೋರೇ, ಬೂದಿ ಹಾಕಿದ್ರೆ ಇಟ್ಟಿಗೆ ಪುಡಿ ಆಗ್ತದೆ. ಆಮೇಲೆ ಊರೆಲ್ಲ ನನ್ನ ಹೆಸರು ಹೇಳ್ತದೆ. ಉಮಿ ಬೇಕಾದ್ರೆ ನಮ್ಮ ಅಜ್ಜ ಒಂದೊಂದು ಹಿಡಿ ಹಾಕ್ತಿದ್ದ, ಮಣ್ಣು ಬಿರಿಬಾರ್ದು ಅಂತ."

ಆ ಒಂದು ಮಾತು ನನಗೆ ಸಾಕಾಯಿತು. ಮಣ್ಣು ಬಿರಿಯಬಾರದು ಅಂತ. ಅಂದರೆ ಜಿಗುಟು ಜಾಸ್ತಿ ಇರುವ ಮಣ್ಣಿಗೆ ಇದು ಒಗ್ಗುತ್ತದೆ. ಅವರು ಆ ವರ್ಷ ಒಂದು ಕೆರೆಯ ಹೂಳು ತಂದು ಗದ್ದೆ ಮಣ್ಣಿಗೆ ಸೇರಿಸುತ್ತಿದ್ದರು. ಹೂಳು ವಿಪರೀತ ಅಂಟು. ಹಸಿ ಇಟ್ಟಿಗೆ ಒಣಗುವಾಗ ಬಿರುಕು ಬಿಟ್ಟು ಹತ್ತರಲ್ಲಿ ಒಂದು ಹೋಗುತ್ತಿತ್ತು. "ಬರೀ ನೂರು ಇಟ್ಟಿಗೆ ಮಾಡಿ ನೋಡೋಣ, ನಷ್ಟ ನನ್ನದು" ಎಂದೆ. ಒಪ್ಪಿದರು.

ನೀವು ಶುರು ಮಾಡುವ ಮೊದಲು ಮಣ್ಣು ನೋಡಿಕೊಳ್ಳಿ. ನಾನು ಮಕ್ಕಳಿಗೆ ಶಾಲೆಯಲ್ಲಿ ಮಾಡಿಸುವ ಪ್ರಯೋಗವನ್ನೇ ಮಾಡಿದೆ. ಉದ್ದನೆಯ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಒಂದು ದಿನ ಅಲುಗಾಡಿಸದೆ ಇಡಬೇಕು. ಮರಳು ಕೆಳಗೆ ಕೂರುತ್ತದೆ, ನುಣ್ಣನೆಯ ಜೇಡಿ ಕೊನೆಗೆ ಮೇಲೆ ಕೂರುತ್ತದೆ. ಮೇಲಿನ ಪದರ ದಪ್ಪ ಇದ್ದರೆ ಬೂದಿಗೆ ಜಾಗ ಇದೆ. ಮರಳೇ ಜಾಸ್ತಿ ಇದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಬೂದಿಗೆ ಅಂಟು ಇಲ್ಲ. ಮರಳಿಗೂ ಇಲ್ಲ. ಎರಡೂ ಸೇರಿದರೆ ಇಟ್ಟಿಗೆ ಅಚ್ಚಿನಿಂದಲೇ ಸರಿಯಾಗಿ ಬಿಡುವುದಿಲ್ಲ.

ಮೊದಲ ಪ್ರಯೋಗಕ್ಕೆ ನಾಲ್ಕು ಥರ ಮಾಡಿದೆವು. ಬರೀ ಮಣ್ಣು, ಮಣ್ಣಿಗೆ ಉಮಿ, ಮಣ್ಣಿಗೆ ಉಮಿ ಬೂದಿ, ಮಣ್ಣಿಗೆ ಅಡಿಕೆ ಸಿಪ್ಪೆ. ಶಿರಸಿ ಕಡೆ ಸುಗ್ಗಿಯಲ್ಲಿ ಅಡಿಕೆ ಸಿಪ್ಪೆಗೆ ಬರ ಇಲ್ಲವಲ್ಲ. ಪುಕ್ಕಟೆ ಸಿಗುವ ವಸ್ತು ಅಂತ ನನಗೆ ಅದರ ಮೇಲೆಯೇ ಆಸೆ ಇತ್ತು. ಆದರೆ ಸಿಪ್ಪೆಯ ನಾರು ಉದ್ದ. ಮಣ್ಣು ತುಳಿಯುವಾಗ ಗಂಟು ಗಂಟಾಗಿ ಸುತ್ತಿಕೊಂಡಿತು. ಸಣ್ಣಗೆ ಕತ್ತರಿಸಿ ಹಾಕಿದರೂ ಸುಟ್ಟಮೇಲೆ ನಾರು ಇದ್ದ ಕಡೆಯೆಲ್ಲ ಕೊಳವೆಯ ಹಾಗೆ ತೂತು ಉಳಿಯಿತು. ಸೊಂಟದ ಎತ್ತರದಿಂದ ಬಿಟ್ಟರೆ ಅದೇ ಗೆರೆಯಲ್ಲಿ ಎರಡು ಹೋಳು. ಯಂತ್ರದಲ್ಲಿ ಪುಡಿ ಮಾಡಿ ಹಾಕಿದರೆ ಬೇರೆ ಮಾತೇನೋ, ನಾವು ಕೈಬಿಟ್ಟೆವು.

ಉಮಿಯ ಕತೆ ಬೇರೆ. ಉಮಿ ಇಟ್ಟಿಗೆಯೊಳಗೇ ಉರಿಯುತ್ತದೆ, ಸೌದೆ ಸ್ವಲ್ಪ ಉಳಿಯುತ್ತದೆ, ಇಟ್ಟಿಗೆ ಹಗುರ ಆಗುತ್ತದೆ. ಆದರೆ ಉರಿದ ಜಾಗ ಖಾಲಿ. ನಮ್ಮ ಉಮಿ ಇಟ್ಟಿಗೆಯನ್ನು ಒಡೆದು ನೋಡಿದರೆ ಹೊರಗೆ ಕೆಂಪು, ಒಳಗೆ ಇದ್ದಿಲಿನಂಥ ಕಪ್ಪು. ಬೆಂಕಿ ಬೇಗ ಏರಿಸಿದರೆ ಹಾಗಾಗುತ್ತದೆ. ಹೊರಮೈ ಮುಚ್ಚಿಕೊಂಡು ಒಳಗಿನ ಉಮಿಗೆ ಗಾಳಿ ಸಿಗುವುದಿಲ್ಲ. ಮೇಸ್ತ್ರಿ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದು ಬೆಂದಿಲ್ಲ ಅಕ್ಕೋರೇ, ಹೊಗೆ ತಿಂದಿದೆ" ಎಂದರು.

ಬೂದಿ ಇಟ್ಟಿಗೆ ಮಾತ್ರ ಚೆಂದ ಬಂದಿತ್ತು. ಎರಡು ಇಟ್ಟಿಗೆ ತಾಗಿಸಿದರೆ ಠಣ್ ಅನ್ನುತ್ತಿತ್ತು. ಮಣ್ಣಿನ ಇಟ್ಟಿಗೆಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. ನನಗೆ ತುಂಬಾ ಖುಷಿ ಆಯಿತು. ಜನವರಿ ಕೊನೆ. ಇನ್ನೇನು, ಲ್ಯಾಬಿಗೆ ಕೊಟ್ಟು ವರದಿ ತಂದರೆ ಆಯಿತು ಅಂದುಕೊಂಡೆ.

ಲ್ಯಾಬ್ ಯಾಕೆ ಬೇಕಾಯಿತು ಅಂತ ಹೇಳುತ್ತೇನೆ. ಗೃಹಸಾಲ ಕಂತು ಕಂತಾಗಿ ಬರುತ್ತದೆ. ಪಾಯ ಆದಮೇಲೆ ಎರಡನೇ ಕಂತಿಗೆ ಬ್ಯಾಂಕಿನ ಇಂಜಿನಿಯರ್ ಬಂದಿದ್ದರು. ಬೂದಿ ಇಟ್ಟಿಗೆಯ ವಿಚಾರ ನಾನೇ ಹೇಳಿದೆ. ಮುಚ್ಚಿಡಲು ಮನಸ್ಸು ಬರಲಿಲ್ಲ. ಅವರು, "ಮೇಡಂ, ಎಸ್ಟಿಮೇಟ್‌ನಲ್ಲಿ ಸುಟ್ಟ ಮಣ್ಣಿನ ಇಟ್ಟಿಗೆ ಅಂತ ಇದೆ. ಬೇರೆ ಏನಾದರೂ ಬೆರೆಸಿದ್ದರೆ ಟೆಸ್ಟ್ ರಿಪೋರ್ಟ್ ಕೊಡಿ, ಕಂತು ಆಮೇಲೆ" ಎಂದರು. ಸುಟ್ಟ ಇಟ್ಟಿಗೆಗೆ ಐಎಸ್ 1077 ಅನ್ನುವ ಮಾನದಂಡ ಇದೆ. ಅದರಲ್ಲಿ ಎಲ್ಲಕ್ಕಿಂತ ಕೆಳಗಿನ ದರ್ಜೆಗೂ ಒಂದು ಚದರ ಮಿಲಿಮೀಟರ್‌ಗೆ 3.5 ನ್ಯೂಟನ್ ಭಾರ ತಡೆಯುವ ಶಕ್ತಿ ಬೇಕು. ನಮ್ಮ ಲೆಕ್ಕದಲ್ಲಿ ಹೇಳಿದರೆ ಒಂದು ಚದರ ಸೆಂಟಿಮೀಟರ್ ಮೇಲೆ ಸುಮಾರು 35 ಕಿಲೋ. ನೀರು ಹೀರುವುದು ಇಟ್ಟಿಗೆಯ ತೂಕದ ನೂರಕ್ಕೆ 20 ದಾಟಬಾರದು. ಮೈಮೇಲೆ ಬಿಳಿ ಉಪ್ಪು ಏಳುವುದೂ ಮಿತಿಯಲ್ಲಿರಬೇಕು. ಇವನ್ನೆಲ್ಲ ಹೇಗೆ ಅಳೆಯಬೇಕು ಅಂತ ಐಎಸ್ 3495ರಲ್ಲಿದೆ.

ಒಂದು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಹೋದೆ. ಅಲ್ಲಿದ್ದ ಹಿರಿಯ ಉಪನ್ಯಾಸಕರು ನನ್ನ ಕಾಗದ ಓದಿ ಒಂದೇ ಪ್ರಶ್ನೆ ಕೇಳಿದರು. "ನೂರಕ್ಕೆ ಹತ್ತು ಬೂದಿ ಅಂತ ಬರೆದಿದ್ದೀರಿ. ತೂಕದಲ್ಲೋ, ಬುಟ್ಟಿ ಲೆಕ್ಕದಲ್ಲೋ?"

ನಾವು ಒಂಬತ್ತು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಬೂದಿ ಹಾಕಿದ್ದೆವು. ಮನೆಗೆ ಬಂದು ತೂಕ ಮಾಡಿದೆ. ಅದೇ ಬುಟ್ಟಿಯಲ್ಲಿ ಮಣ್ಣು 22 ಕಿಲೋ, ಬೂದಿ ಐದೂವರೆ ಕಿಲೋ. ಅಂದರೆ ನಾವು ಹಾಕಿದ ಬೂದಿ ನೂರಕ್ಕೆ ಮೂರೂ ಇರಲಿಲ್ಲ. ಇಟ್ಟಿಗೆ ಮಣ್ಣಿನ ಇಟ್ಟಿಗೆ ಹಾಗೇ ಬಂದಿದ್ದರಲ್ಲಿ ಆಶ್ಚರ್ಯ ಏನಿದೆ, ಅದು ಮಣ್ಣಿನ ಇಟ್ಟಿಗೆಯೇ ಆಗಿತ್ತು. ನಿಜವಾಗಿ ಹತ್ತು ಬೇಕಾದರೆ ಒಂಬತ್ತು ಬುಟ್ಟಿ ಮಣ್ಣಿಗೆ ನಾಲ್ಕು ಬುಟ್ಟಿ ಬೂದಿ. ಆ ರಾತ್ರಿ ನನಗೆ ಅಳು ಬಂತು. ಎರಡು ತಿಂಗಳು ಹೋಗಿತ್ತು. ಇಡೀ ಬರಹದಲ್ಲಿ ಇದೊಂದು ಮಾತು ನೆನಪಿಟ್ಟುಕೊಂಡರೂ ಸಾಕು: ಬೂದಿಯನ್ನು ತೂಕ ಮಾಡಿಯೇ ಹಾಕಿ.

ಇನ್ನೊಂದು ಲೆಕ್ಕವೂ ಆಗಲೇ ಹೊಳೆದಿದ್ದು. ಭತ್ತದ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಉಮಿ. ಉಮಿ ಸುಟ್ಟರೆ ಅದರಲ್ಲಿ ಸುಮಾರು ಐದನೇ ಒಂದು ಭಾಗ ಬೂದಿ. ಒಂದು ಕ್ವಿಂಟಲ್ ಭತ್ತಕ್ಕೆ ನಾಲ್ಕು ಕಿಲೋ ಬೂದಿ ಸಿಕ್ಕರೆ ಹೆಚ್ಚು. ನಮ್ಮ ಒಂದು ಇಟ್ಟಿಗೆಗೆ 300 ಗ್ರಾಂ ಬೂದಿ ಬೇಕು. 12,000 ಇಟ್ಟಿಗೆಗೆ 3,600 ಕಿಲೋ. ಅಂದರೆ 900 ಕ್ವಿಂಟಲ್ ಭತ್ತದ ಬೂದಿ! ನಮ್ಮ ಮನೆಯ ಹತ್ತಾರು ಚೀಲ ಭತ್ತದಿಂದ ಆಗುವ ಕೆಲಸವೇ ಅಲ್ಲ. ಉಮಿ ಉರಿಸುವ ದೊಡ್ಡ ಮಿಲ್ಲೇ ಬೇಕು.

ಅದು ಘಟ್ಟದ ಕೆಳಗೆ ಸಿಕ್ಕಿತು. ಕರಾವಳಿಯಲ್ಲಿ ಕುಚ್ಚಲಕ್ಕಿ ಉಣ್ಣುತ್ತಾರಲ್ಲ, ಭತ್ತ ಬೇಯಿಸಲು ಮಿಲ್ಲಿನವರು ಬಾಯ್ಲರಿಗೆ ಉಮಿಯನ್ನೇ ಹಾಕುತ್ತಾರೆ. ಕುಮಟಾ ಕಡೆಯ ಒಂದು ಮಿಲ್ಲಿನ ಹಿಂದೆ ಬೂದಿಯ ಗುಡ್ಡವೇ ಇತ್ತು. ಮಾಲೀಕರು, "ತಗೊಂಡು ಹೋಗಿ ಮಾರಾಯ್ರೆ, ನಮಗೆ ಜಾಗ ಆದ್ರೆ ಸಾಕು" ಎಂದರು. ಪ್ರಯೋಗಕ್ಕೆ ಹತ್ತು ಚೀಲ ತುಂಬಿಸಿಕೊಂಡು ಬಂದೆವು.

ಬೂದಿ ತುಂಬುವಾಗ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಸೆರಗು ಮೂಗಿಗೆ ಕಟ್ಟಿಕೊಂಡು ನಿಂತಿದ್ದೆ. ಎರಡು ವಾರ ಒಣ ಕೆಮ್ಮು ಬಿಡಲಿಲ್ಲ. ಉಮಿ ಬೂದಿಯಲ್ಲಿ ನೂರಕ್ಕೆ 85-90 ಪಾಲು ಸಿಲಿಕಾ. ಅದರ ಸಣ್ಣ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ತುಂಬಾ ಬಿಸಿಯಲ್ಲಿ ಸುಟ್ಟು ಬೆಳ್ಳಗಾದ ಬೂದಿ ಇನ್ನೂ ಕೆಟ್ಟದ್ದು. ಮುಟ್ಟುವ ಮೊದಲು ನೀರು ಚಿಮುಕಿಸಿ. ಸರಿಯಾದ ಮಾಸ್ಕ್ ಹಾಕಿ. ಕೆಲಸದವರಿಗೂ ಕೊಡಿ. ಅವರು ಬೇಡ ಅಂದರೂ ಕೊಡಿ.

ನೀರು ಚಿಮುಕಿಸಿದಾಗ ತೂಕದ ಲೆಕ್ಕ ಮತ್ತೆ ತಪ್ಪುತ್ತದೆ. ಅದಕ್ಕೆ ಸುಲಭ ಉಪಾಯ ಇದೆ. ಒಂದು ಕಿಲೋ ಒದ್ದೆ ಬೂದಿಯನ್ನು ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ತೂಗಿ. ನಮ್ಮದು 700 ಗ್ರಾಂ ಆಯಿತು. ಹಾಗಾಗಿ 22 ಕಿಲೋ ಒಣ ಬೂದಿ ಬೇಕಾದಲ್ಲಿ 31 ಕಿಲೋಗಿಂತ ಸ್ವಲ್ಪ ಜಾಸ್ತಿ ಒದ್ದೆ ಬೂದಿ ಹಾಕಿದೆವು. ಮಣ್ಣಿನ ಪಸೆಯನ್ನೂ ಹೀಗೇ ನೋಡಿದೆವು.

ಎರಡನೇ ಪ್ರಯೋಗದಲ್ಲಿ ಬರೀ ಮಣ್ಣು, ಹತ್ತು ಪಾಲು ಬೂದಿ, ಹದಿನೈದು ಪಾಲು ಬೂದಿ. ಬೂದಿ ನೀರು ಕುಡಿಯುತ್ತದೆ. ದಿನಾ ಹಾಕುವಷ್ಟೇ ನೀರು ಹಾಕಿದರೆ ಮಣ್ಣು ಗಟ್ಟಿಯಾಗಿ ಅಚ್ಚಿನ ಮೂಲೆಗೆ ಹೋಗುವುದಿಲ್ಲ. ಮೇಸ್ತ್ರಿ ಮಣ್ಣು ಕಲಸಿ, ಗೋಣಿ ಮುಚ್ಚಿ ಒಂದು ರಾತ್ರಿ ಬಿಟ್ಟರು. ಬೆಳಿಗ್ಗೆ ಹದ ಬಂದಿತ್ತು. ಒಣಗಿಸುವಾಗ ಅವರಿಗೇ ಅಚ್ಚರಿ. ಬೂದಿ ಹಾಕಿದ್ದರಲ್ಲಿ ಒಂದು ಬಿರುಕೂ ಇಲ್ಲ. ಅವತ್ತಿನಿಂದ ಅವರ ಮುಖ ಬೇರೆ ಆಯಿತು. ನಾನು ಹೋಗುವ ಮೊದಲೇ ಅವರೇ ಹಸಿ ಇಟ್ಟಿಗೆ ಮಗುಚಿ ಹಾಕಿರುತ್ತಿದ್ದರು.

ಆಗ ಶಿರಸಿ ಜಾತ್ರೆ ಬಂತು. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಕೆಲಸದವರು ಯಾರಾದರೂ ಭಟ್ಟಿಯಲ್ಲಿ ಇರುತ್ತಾರೆಯೇ? ಇರಿ ಅಂತ ಹೇಳುವುದೂ ನ್ಯಾಯವಲ್ಲ. ಒಂಬತ್ತು ದಿನದ ಜಾತ್ರೆ, ಹಿಂದೆ ಮುಂದೆ ಸೇರಿ ಹದಿನೈದು ದಿನ ಭಟ್ಟಿ ತಣ್ಣಗೆ ಕೂತಿತು. ನಮ್ಮ ಕಡೆ ಕೆಲಸ ಇಟ್ಟುಕೊಳ್ಳುವವರು ಜಾತ್ರೆ ಇರುವ ವರ್ಷ ಅದನ್ನು ಮೊದಲೇ ಲೆಕ್ಕ ಹಿಡಿಯಿರಿ.

ಮಾರ್ಚ್ ನಡುವಿನಲ್ಲಿ ಭಟ್ಟಿ ಸುಟ್ಟರು. ಈ ಸಲ ನಾನು ಮೊದಲೇ ಕೇಳಿಕೊಂಡಿದ್ದೆ, ಬೆಂಕಿ ನಿಧಾನ ಏರಿಸಿ ಅಂತ. ಮೊದಲ ದಿನ ಬರೀ ಹೊಗೆ. ಒಳಗಿನ ಪಸೆ ಆರುವವರೆಗೆ ಬೆಂಕಿ ಬಾಯಿಗೆ ದಪ್ಪ ಸೌದೆ ಹಾಕಲಿಲ್ಲ. ಮಿಲ್ಲಿನ ಬೂದಿ ಕಪ್ಪಗಿದ್ದರೆ ಅದರಲ್ಲಿ ಇನ್ನೂ ಉರಿಯುವ ಇದ್ದಿಲು ಉಳಿದಿದೆ ಅಂತ ಅರ್ಥ. ಬೆಂಕಿ ಅವಸರ ಮಾಡಿದರೆ ಅದೂ ಉಮಿ ಇಟ್ಟಿಗೆಯ ಹಾಗೆ ಒಳಗೆ ಕಪ್ಪಾಗುತ್ತದೆ. ನಾಲ್ಕು ದಿನ ಉರಿ, ಎಂಟು ದಿನ ಆರಲು. ಬಿಸಿ ಇರುವಾಗಲೇ ತೆಗೆಯಲು ಅವಸರ ಪಟ್ಟರೆ ತಣ್ಣನೆಯ ಗಾಳಿ ತಾಗಿ ಬಿರಿಯುತ್ತದೆ.

ಲ್ಯಾಬಿಗೆ ಒಂದು ಥರದ್ದು ಹದಿನೈದು ಇಟ್ಟಿಗೆ ಬೇಕು. ಶಕ್ತಿ ನೋಡಲು ಐದು, ನೀರು ಹೀರುವುದಕ್ಕೆ ಐದು, ಉಪ್ಪಿಗೆ ಐದು. ಮೂರು ಥರ ಸೇರಿ 45 ಇಟ್ಟಿಗೆ, ಸುಮಾರು 130 ಕಿಲೋ. ಬಸ್ಸಿನಲ್ಲಿ ಆಗುವುದಿಲ್ಲ. ಗೂಡ್ಸ್ ಆಟೋಗೆ 1,800 ರೂಪಾಯಿ ಕೊಟ್ಟೆ. ಪರೀಕ್ಷೆಗೆ ಒಂದು ಥರಕ್ಕೆ 2,000, ಮೇಲೆ ಜಿಎಸ್‌ಟಿ ಸೇರಿ ಒಟ್ಟು 7,080. ಶಕ್ತಿ ನೋಡುವ ಪರೀಕ್ಷೆ ಒಂದು ದಿನದಲ್ಲಿ ಮುಗಿಯುವುದಲ್ಲ. ಇಟ್ಟಿಗೆಯನ್ನು 24 ಗಂಟೆ ನೀರಲ್ಲಿ ನೆನೆಸುತ್ತಾರೆ. ಮೇಲಿನ ಗುಳಿಗೆ ಸಿಮೆಂಟ್ ಗಾರೆ ತುಂಬಿ ಒಂದು ದಿನ ಒದ್ದೆ ಗೋಣಿಯಲ್ಲಿ ಇಡುತ್ತಾರೆ. ಮತ್ತೆ ಮೂರು ದಿನ ನೀರಲ್ಲಿ. ಆಮೇಲೆ ಯಂತ್ರದಲ್ಲಿ ಒತ್ತುತ್ತಾರೆ. ಮಕ್ಕಳ ಪರೀಕ್ಷೆ ನಡೆಯುತ್ತಿದ್ದರಿಂದ ನನಗೆ ಮೂರು ವಾರ ಕಾಯಬೇಕಾಯಿತು.

ಕಾಯುವಾಗ ಸುಮ್ನೆ ಕೂರಲಾಗಲಿಲ್ಲ. ನೀರು ಹೀರುವುದನ್ನು ಮನೆಯಲ್ಲೇ ನೋಡಿದೆ. ನೀವೂ ನೋಡಬಹುದು. ಚೆನ್ನಾಗಿ ಒಣಗಿದ ಇಟ್ಟಿಗೆ ತೂಗಿ. ಒಂದು ದಿನ ಪೂರ್ತಿ ನೀರಲ್ಲಿ ಮುಳುಗಿಸಿ. ತೆಗೆದು ಬಟ್ಟೆಯಲ್ಲಿ ಒರೆಸಿ ತಕ್ಷಣ ತೂಗಿ. ಹತ್ತು ಪಾಲಿನ ಇಟ್ಟಿಗೆ ಒಣಗಿದಾಗ 2.80 ಕಿಲೋ ಇತ್ತು, ನೆನೆದಾಗ 3.28. ಹೆಚ್ಚಾದ 480 ಗ್ರಾಂ ಅಂದರೆ ನೂರಕ್ಕೆ 17.

ವರದಿ ಬಂತು. ಬರೀ ಮಣ್ಣಿನದ್ದು 4.8 ನ್ಯೂಟನ್, ಹತ್ತು ಪಾಲಿನದ್ದು 4.2, ಹದಿನೈದು ಪಾಲಿನದ್ದು 3.3. ನೀರು ಹೀರುವುದು ಕ್ರಮವಾಗಿ ನೂರಕ್ಕೆ 14, 17, 20.6. ಉಪ್ಪು ಮೂರರಲ್ಲೂ ಅಲ್ಪ. ಹತ್ತರಿಂದ ಹದಿನೈದಕ್ಕೆ ಹೋಗುವಷ್ಟರಲ್ಲಿ ಎರಡು ಕಡೆಯೂ ಗೆರೆ ದಾಟಿಬಿಟ್ಟಿತ್ತು. ಇದು ನಮ್ಮ ಮಣ್ಣಿನ, ನಮ್ಮ ಭಟ್ಟಿಯ ಲೆಕ್ಕ. ನಿಮ್ಮ ಮಣ್ಣಿಗೆ ಐದೇ ಸಾಕಾಗಬಹುದು. ಯಾರದೋ ಅಂಕಿ ನಂಬಿ, ನನ್ನದನ್ನೂ ಸೇರಿಸಿ, ಸಾವಿರಾರು ಇಟ್ಟಿಗೆ ಕೊಯ್ಯಿಸಬೇಡಿ.

ಕುಣಿಯುವಷ್ಟು ಸಂತೋಷದಲ್ಲಿ ಬ್ಯಾಂಕಿಗೆ ಹೋದರೆ ಕಾಗದ ವಾಪಸ್ಸು. ವರದಿಯಲ್ಲಿ "ಇಟ್ಟಿಗೆ, ಮಾದರಿ 1, 2, 3" ಅಂತ ಮಾತ್ರ ಇತ್ತು. ಯಾವುದು ಬೂದಿಯದ್ದು, ಯಾವ ಭಟ್ಟಿಯದ್ದು, ಯಾವಾಗ ಸುಟ್ಟಿದ್ದು, ಒಂದೂ ಇಲ್ಲ. ಲ್ಯಾಬಿನವರ ತಪ್ಪಲ್ಲ. ನಾನು ಅರ್ಜಿಯಲ್ಲಿ ಬರೆದಿರಲಿಲ್ಲ, ಅವರು ಅರ್ಜಿಯಲ್ಲಿ ಇದ್ದದ್ದನ್ನೇ ಹಾಕುತ್ತಾರೆ. ಮತ್ತೆ ಹೋಗಿ, ಇಟ್ಟಿಗೆಯ ಮೇಲಿನ ಗುರುತು ತೋರಿಸಿ, ಮೇಸ್ತ್ರಿಯಿಂದ ಒಂದು ದೃಢೀಕರಣ ಬರೆಸಿ, ತಿದ್ದಿದ ವರದಿ ತರಲು ಹತ್ತು ದಿನ ಹಿಡಿಯಿತು. ಹಸಿ ಇರುವಾಗಲೇ ಇಟ್ಟಿಗೆಯ ಮೇಲೆ ಮೊಳೆಯಿಂದ ಗುರುತು ಗೀಚಿ. ಅದೇ ಗುರುತು, ಬೂದಿಯ ಪ್ರಮಾಣ, ಭಟ್ಟಿಯ ಹೆಸರು, ಸುಟ್ಟ ದಿನಾಂಕ, ನಿಮ್ಮ ಮನೆಯ ಲೈಸೆನ್ಸ್ ನಂಬರ್ ಇಷ್ಟನ್ನೂ ಅರ್ಜಿಯಲ್ಲಿ ಬರೆಯಿರಿ. ಒಂದು ಪ್ರತಿಗೆ ಸೀಲ್ ಹಾಕಿಸಿ ಇಟ್ಟುಕೊಳ್ಳಿ.

ಬ್ಯಾಂಕಿನ ಇಂಜಿನಿಯರ್ ಈ ಸಲ ಒಪ್ಪಿದರು. ನಮ್ಮದು ಪಿಲ್ಲರ್ ಹಾಕಿದ ಮನೆ, ಒಂದೇ ಅಂತಸ್ತು, ಗೋಡೆ ಮೇಲೆ ದೊಡ್ಡ ಭಾರ ಇಲ್ಲ. ಆದರೂ ಎರಡು ಮಾತು ಹೇಳಿದರು. ಪಾಯದ ಕೆಳಗೆ, ಬಚ್ಚಲಿನ ಬುಡಕ್ಕೆ, ಶೌಚದ ಗುಂಡಿಗೆ ಈ ಇಟ್ಟಿಗೆ ಬೇಡ. ಕಟ್ಟುವ ಮೊದಲು ಚೆನ್ನಾಗಿ ನೆನೆಸಿ, ಇಲ್ಲದಿದ್ದರೆ ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ. ನಮ್ಮ ಮಳೆಗೆ ಸೂರು ಎರಡೂವರೆ ಅಡಿ ಹೊರಗೆ ಬಿಡಿ ಅಂತಲೂ ಸೇರಿಸಿದರು.

ವರದಿ ಕೈಗೆ ಬರುವ ಮೊದಲೇ ಮೇಸ್ತ್ರಿ ಧೈರ್ಯ ಮಾಡಿ ಇಟ್ಟಿಗೆ ಕೊಯ್ಯಲು ಶುರು ಮಾಡಿದ್ದರು. ಟಿಪ್ಪರ್ ಎರಡು ಸಲ ಬೂದಿ ಹೊತ್ತು ಘಟ್ಟ ಹತ್ತಿತು. ಏಪ್ರಿಲ್‌ನಲ್ಲಿ ಒಂದು ಸಂಜೆ ಇದ್ದಕ್ಕಿದ್ದಂತೆ ಗುಡುಗು, ಆಲಿಕಲ್ಲು. ನಾವು ಸೈಕಲ್ ಮೋಟಾರಿನಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಬಯಲಲ್ಲಿ ಹರಡಿದ್ದ 2,500 ಹಸಿ ಇಟ್ಟಿಗೆ ಕರಗಿ ಕೆಸರಾಗಿತ್ತು. ಇಟ್ಟಿಗೆ ಕೊಯ್ದ ಹೆಂಗಸರು ತಾಡಪಾಲಿನ ತುದಿ ಹಿಡಿದು ಮಳೆಯಲ್ಲೇ ನಿಂತಿದ್ದರು. ಅವರ ಮುಖ ನೋಡಲಾಗಲಿಲ್ಲ. ಮಣ್ಣು ಎಲ್ಲಿಗೂ ಹೋಗಿಲ್ಲ, ಮತ್ತೆ ಕಲಸಬಹುದು. ಆದರೆ ಅವರ ಮೂರು ದಿನದ ದುಡಿಮೆ ಹೋಯಿತು. ಎಣಿಕೆಯ ಮೇಲೆ ಕೂಲಿ, ಒಣಗಿದ್ದಕ್ಕೆ ಮಾತ್ರ ದುಡ್ಡು ಅನ್ನುವುದು ಪದ್ಧತಿಯಂತೆ. ಅವರ ಕೂಲಿಯಲ್ಲಿ ಅರ್ಧ ನಾವು ಕೊಟ್ಟೆವು, 2,000 ರೂಪಾಯಿ. ಅರ್ಧ ಮೇಸ್ತ್ರಿ ಕೊಟ್ಟರು. ನೀವು ಒಪ್ಪಂದ ಮಾಡುವಾಗಲೇ ಇದನ್ನು ಮಾತಾಡಿಕೊಳ್ಳಿ. ಮಳೆಯ ನಷ್ಟ ಕೈ ಕೆಸರು ಮಾಡಿಕೊಂಡವರ ತಲೆಗೆ ಬರಬಾರದು.

ಮೇ ಎರಡನೇ ವಾರ ಇಟ್ಟಿಗೆ ಅಂಗಳಕ್ಕೆ ಬಂದು ಇಳಿಯಿತು. ಕೊನೆಯ ಲೋಡಿನ ಒಂದು ಇಟ್ಟಿಗೆಯನ್ನು ಅತ್ತೆ ಕೈಯಲ್ಲಿ ಹಿಡಿದು, "ಹಗುರ ಇದೆಯಲ್ಲೇ" ಎಂದರು.

ಖರ್ಚಿನ ವಿಚಾರ ಮುಚ್ಚಿಡುವುದಿಲ್ಲ. ಇಟ್ಟಿಗೆಗೆ ಎಂಟು ರೂಪಾಯಿ, ಬೂದಿ ಕಲಸುವ ಹೆಚ್ಚಿನ ಕೆಲಸಕ್ಕೆ ಇಟ್ಟಿಗೆಗೆ 50 ಪೈಸೆ, ಅದು 6,000. ಬೂದಿ ಪುಕ್ಕಟೆ, ಆದರೆ ಟಿಪ್ಪರ್ ಬಾಡಿಗೆ 13,000. ಲ್ಯಾಬು, ಆಟೋ, ಓಡಾಟ, ಮಳೆಯ ನಷ್ಟ ಎಲ್ಲ ಸೇರಿ ಮಾಮೂಲಿ ಇಟ್ಟಿಗೆಗಿಂತ ನಮಗೆ 30,000ಕ್ಕೂ ಜಾಸ್ತಿ ಬಿತ್ತು. ಇದರಿಂದ ಉಳಿತಾಯವಾದ ಮಣ್ಣು 3,600 ಕಿಲೋ, ಒಂದು ಟ್ರ್ಯಾಕ್ಟರ್ ಲೋಡಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಒಂದೇ ಮನೆಗೆ ದುಡ್ಡು ಉಳಿಸುವ ಆಸೆಯಿಂದ ಇದನ್ನು ಮಾಡಬೇಡಿ. ಭಟ್ಟಿಯವರು ಮಾಡಿದರೆ ಲೆಕ್ಕ ಬೇರೆ. ನಮ್ಮ ಮೇಸ್ತ್ರಿ ಒಂದು ಬೇಸಿಗೆಗೆ ಒಂದೂವರೆ ಲಕ್ಷ ಇಟ್ಟಿಗೆ ಸುಡುತ್ತಾರೆ. ಅಷ್ಟಕ್ಕೂ ಹತ್ತು ಪಾಲು ಬೂದಿ ಹಾಕಿದರೆ 45 ಟನ್ ಮಣ್ಣು ಯಾರದೋ ಗದ್ದೆಯಲ್ಲಿ ಹಾಗೇ ಉಳಿಯುತ್ತದೆ. ಬಿರುಕು ಬಿಟ್ಟು ಹೋಗುತ್ತಿದ್ದ ಇಟ್ಟಿಗೆಯೂ ಉಳಿಯುತ್ತದೆ. ಮಿಲ್ಲಿನ ಹತ್ತಿರ ಭಟ್ಟಿ ಇರುವವರಿಗೆ ಬಾಡಿಗೆಯ ಹೊರೆಯೂ ಕಡಿಮೆ. ಅಂಥವರು ದೀಪಾವಳಿಗೆ ಮೊದಲೇ ಮಣ್ಣು ನೋಡಿಟ್ಟು, ವರ್ಷದ ಮೊದಲ ಭಟ್ಟಿಯಲ್ಲೇ ಮಾದರಿ ಇಟ್ಟಿಗೆ ಇಟ್ಟರೆ ನನ್ನ ಹಾಗೆ ಏಪ್ರಿಲ್ ಮಳೆಗೆ ಸಿಕ್ಕಿಬೀಳಬೇಕಿಲ್ಲ.

ಹೋದ ಭಾನುವಾರ ಜಡಿಮಳೆಯಲ್ಲಿ ಮೇಸ್ತ್ರಿ ಮನೆಗೆ ಬಂದಿದ್ದರು. ಕೊಡೆ ಮೂಲೆಗೆ ಇಟ್ಟು, ಸೋಗೆ ಸರಿಸಿ ಗೋಡೆಯನ್ನು ಅಂಗೈಯಿಂದ ಒತ್ತಿ ನೋಡಿದರು. ಮಿಲ್ಲಿನವರ ಫೋನ್ ನಂಬರ್ ಕೇಳಿದರು. ಮಳೆಗಾಲದಲ್ಲೇ ಬೂದಿ ತಂದು ಶೆಡ್ಡಿನಲ್ಲಿ ಹಾಕಿಕೊಳ್ಳುತ್ತಾರಂತೆ. ಶಿರಸಿ ಪೇಟೆಯಲ್ಲಿ ಒಂದು ತೂಗುವ ಕಾಟಾ ಕೊಂಡಿದ್ದಾರೆ. ಚೀಲದಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು.

"ಲೆಕ್ಕ ಎಲ್ಲ ಇದ್ರಲ್ಲಿ ಬರ್ಕೊಡಿ ಅಕ್ಕೋರೇ. ಬುಟ್ಟಿ ಲೆಕ್ಕ ಬೇಡ, ಕಿಲೋದಲ್ಲೇ ಬರೀರಿ."